ಕಂಪ್ಯೂಟರ್ ತಾನಾಗಿ ಆರಿ ಹೊತ್ತಿದಾಗ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನರಗುಂದ ದಾಟಿ ಕೆರೂರಿನ ಕಡೆ ಹೊರಟರೆ, ನಡುವೆ ಬಾದಾಮಿಯ ದಾರಿ ಕವಲೊಡೆಯುವ ಊರು ಕುಳಗೇರಿ ಕ್ರಾಸ್. ಈ ಸೀಮೆಯ ಯಾವ ಕ್ರಾಸಿನಲ್ಲಿ ಇಳಿದರೂ ಕಣ್ಣಿಗೆ ಬೀಳುವ ಸಾಲು ಹೆಚ್ಚುಕಡಿಮೆ ಒಂದೇ: ಚಹಾದಂಗಡಿ, ಟ್ರ್ಯಾಕ್ಟರಿನ ಟ್ರೇಲರ್ ಬೆಸೆಯುವ ವೆಲ್ಡಿಂಗ್ ಅಂಗಡಿ, ಹಿಟ್ಟಿನ ಗಿರಣಿ, ಝೆರಾಕ್ಸ್ ತೆಗೆದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ, ಅವುಗಳ ಬೆನ್ನಿಗೆ ಮನೆಗಳು. ಇವೆಲ್ಲ ಬಹಳಷ್ಟು ಸಲ ಒಂದೇ ಟಿಸಿಯಿಂದ, ಅಂದರೆ ಕಂಬದ ಮೇಲಿನ ಒಂದೇ ಟ್ರಾನ್ಸ್‌ಫಾರ್ಮರಿನಿಂದ, ವಿದ್ಯುತ್ ಪಡೆಯುತ್ತವೆ. ಈ ಅಧ್ಯಾಯದ ಅರ್ಧ ವಿಜ್ಞಾನ ಆ ಟಿಸಿಯ ಕೆಳಗೇ ಇದೆ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಂಜೆಯ ಹೊತ್ತು. ಪದವಿ ಓದುವ ಮಗಳು ಪ್ರಾಜೆಕ್ಟ್ ವರದಿಯನ್ನು ಟೈಪ್ ಮಾಡುತ್ತಿದ್ದಾಳೆ. ಪರದೆ ತಟ್ಟನೆ ಕಪ್ಪಾಗುತ್ತದೆ. ಒಂದೆರಡು ಕ್ಷಣದಲ್ಲಿ ತಯಾರಕರ ಲಾಂಛನ ಮೂಡಿ ಯಂತ್ರ ಮೊದಲಿಂದ ಶುರುವಾಗುತ್ತದೆ. ಒಂದು ಪುಟದ ಬರಹ ಹೋಯಿತು. ಮನೆಯವರ ಪ್ರಶ್ನೆ ನ್ಯಾಯವಾದದ್ದು: “ಲೈಟ್ ಹೋಗಿಲ್ಲ, ಫ್ಯಾನ್ ತಿರಗಾಕತ್ತೈತಿ, ಕಂಪ್ಯೂಟರ್ ಅಷ್ಟ ಯಾಕ ಬಂದಾತು?”

ಇದಕ್ಕೆ ನಮ್ಮ ಊರುಗಳಲ್ಲಿ ಸಿಗುವ ಸಿದ್ಧ ಉತ್ತರ “ವೈರಸ್ ಬಂದೈತಿ, ಫಾರ್ಮ್ಯಾಟ್ ಹೊಡೀಬೇಕು” ಎಂಬುದು. ನಾನು ಈ ಅಧ್ಯಾಯ ಬರೆಯಲು ಮುಖ್ಯ ಕಾರಣ ಆ ಉತ್ತರವೇ. ತಾನಾಗಿ ಆರಿ ಹೊತ್ತುವ ಕಂಪ್ಯೂಟರಿನಲ್ಲಿ ವೈರಸ್ ಅಪರಾಧಿಯಾಗಿರುವುದು ಅಪರೂಪ. ವಿದ್ಯುತ್ತು, ಶಾಖ, ಮೆಮೊರಿ, ಡ್ರೈವರ್ – ಸಂಶಯ ಮೊದಲು ಹೋಗಬೇಕಾದದ್ದು ಈ ನಾಲ್ಕರ ಕಡೆಗೆ. ಫಾರ್ಮ್ಯಾಟ್ ಮಾಡಿದರೆ ಮೊದಲ ಮೂರಕ್ಕೆ ಏನೂ ಆಗುವುದಿಲ್ಲ. ಆದರೆ ಯಂತ್ರ ತನ್ನ ಸಾವಿನ ಬಗ್ಗೆ ಬರೆದಿಟ್ಟುಕೊಂಡ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ರೋಗ ಉಳಿದು ಸಾಕ್ಷಿ ನಾಶವಾಗುವ ಚಿಕಿತ್ಸೆ ಅದು.

ಹೌದು, ಯಂತ್ರ ಬರೆದಿಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ‘ಇವೆಂಟ್ ವ್ಯೂವರ್’ ಎಂಬ ಪುಟ್ಟ ತಂತ್ರಾಂಶ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ಅದರ ‘ವಿಂಡೋಸ್ ಲಾಗ್ಸ್’ ಅಡಿಯ ‘ಸಿಸ್ಟಮ್’ ವಿಭಾಗದಲ್ಲಿ ಪ್ರತಿಯೊಂದು ಘಟನೆಗೂ ದಿನಾಂಕ, ವೇಳೆ, ಒಂದು ಸಂಖ್ಯೆ ಇರುತ್ತವೆ. ನಾವು ಹುಡುಕಬೇಕಾದ ಸಂಖ್ಯೆ 41. ಅದರ ಮೂಲದ ಹೆಸರು ‘ಕರ್ನೆಲ್-ಪವರ್’. ಈ 41 ಬರೆಯಲಾಗುವುದು ಯಂತ್ರ ಸಾಯುವಾಗಲ್ಲ, ಮರಳಿ ಎದ್ದ ಮೇಲೆ. ಎದ್ದ ವಿಂಡೋಸ್ ತನ್ನ ಹಿಂದಿನ ಪುಟವನ್ನು ನೋಡಿ, ‘ನಾನು ಸರಿಯಾಗಿ ಮುಚ್ಚಿಕೊಂಡ ಗುರುತು ಇಲ್ಲಿಲ್ಲ’ ಎಂದು ದಾಖಲಿಸುತ್ತದೆ, ಅಷ್ಟೆ. ಆದ್ದರಿಂದ 41 ಎಂಬುದು ಕಾರಣವಲ್ಲ. ಅಸಹಜ ಸಾವು ಎಂಬ ಷರಾ ಮಾತ್ರ.

ಕಾರಣದ ಸುಳಿವು ಅದರೊಳಗಿನ ‘ಬಗ್‌ಚೆಕ್ ಕೋಡ್’ ಎಂಬ ಸಾಲಿನಲ್ಲಿದೆ. ವಿವರಗಳ ಟ್ಯಾಬ್ ಒತ್ತಿ ಅದನ್ನು ನೋಡಿ. ಅಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ವಿಂಡೋಸ್ ತನ್ನೊಳಗೆ ಏನೋ ಕೆಟ್ಟದ್ದನ್ನು ಕಂಡು ತಾನೇ ನಿಂತಿದೆ. ಅಂದರೆ ನೀಲಿ ಪರದೆ ಬಂದಿದೆ. ಸೊನ್ನೆ ಇದ್ದರೆ ಹೆಚ್ಚಿನ ಸಲ ವಿಂಡೋಸ್‌ಗೆ ಏನಾಯಿತೆಂದು ಬರೆಯಲು ಬಿಡುವೇ ಸಿಕ್ಕಿಲ್ಲ. ಕಾಲಡಿಯ ನೆಲವನ್ನೇ ಯಾರೋ ಎಳೆದಿದ್ದಾರೆ. ಹಾಗೆ ಎಳೆಯಬಲ್ಲದ್ದು ವಿದ್ಯುತ್ತು, ಮಿತಿಮೀರಿದ ಶಾಖ, ಇಲ್ಲವೇ ಮದರ್‌ಬೋರ್ಡು. ಈ ಒಂದು ಅಂಕಿಯಿಂದ ಸಂಶಯಿತರ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಜತೆಗೆ 1074 ಸಂಖ್ಯೆಯನ್ನೂ ಹುಡುಕಿ. ಯಂತ್ರ ಆರಿದ ವೇಳೆಗೇ ಅದು ಕಂಡರೆ ಬಳಸುವವರೋ ಯಾವುದೋ ಕಾರ್ಯಕ್ರಮವೋ ಕೇಳಿಕೊಂಡು ಮಾಡಿಸಿದ ರೀಸ್ಟಾರ್ಟ್, ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್. ಅಲ್ಲಿ ರೋಗವೇ ಇಲ್ಲ.

ನಮ್ಮ ಕಥೆಯ ಮನೆಯಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಎಂದುಕೊಳ್ಳೋಣ. ಇನ್ನು ಟಿಸಿಯ ಕೆಳಗೆ ಹೋಗಬೇಕು.

ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಸೆಕೆಂಡಿಗೆ 50 ಆವರ್ತ ಎಂದರೆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಒಂದು ಶಿಖರದಿಂದ ಎದುರು ದಿಕ್ಕಿನ ಶಿಖರಕ್ಕೆ 10 ಮಿಲಿಸೆಕೆಂಡು. ಕಂಪ್ಯೂಟರಿನ ಒಳಗಿನ ಪ್ರೊಸೆಸರ್, ಮೆಮೊರಿಗಳಿಗೆ ಈ ಏರಿಳಿತ ಬೇಡ. ಅವನ್ನು ಹೊತ್ತ ಮದರ್‌ಬೋರ್ಡಿಗೆ 12, 5, 3.3 ವೋಲ್ಟಿನ ನೇರ ವಿದ್ಯುತ್ತು ಬೇಕು, ಅದೂ ಶೇಕಡ 5ಕ್ಕಿಂತ ಹೆಚ್ಚು ಅಲುಗಾಡದಂತೆ. ಈ ಪರಿವರ್ತನೆ ನಡೆಯುವುದು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕೂತ ತಗಡಿನ ಡಬ್ಬಿಯಲ್ಲಿ. ಅಂಗಡಿಯವರು ಅದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಅದು ಮೊದಲು ಬಂದ ವಿದ್ಯುತ್ತನ್ನು ನೇರವಾಗಿಸಿ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ ಆ ಕೆಪಾಸಿಟರ್: ನಳದಲ್ಲಿ ನೀರು ತಡವರಿಸಿದರೂ ಒಳಗಿನ ಧಾರೆ ನಿಲ್ಲುವುದಿಲ್ಲ.

ಆ ಟ್ಯಾಂಕು ಎಷ್ಟು ಹೊತ್ತು ತಡೆಯುತ್ತದೆ? ಲೆಕ್ಕ ಹಾಕಿ ನೋಡಬಹುದು, ಮತ್ತು ಈ ಲೆಕ್ಕ ಹಾಕಿದಾಗಲೇ ಹಳ್ಳಿಯ ಕಂಪ್ಯೂಟರಿನ ಕಷ್ಟ ಅರ್ಥವಾಗುವುದು. ಕೆಪಾಸಿಟರಿನಲ್ಲಿರುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230 ವೋಲ್ಟಿನ ಪರ್ಯಾಯ ವಿದ್ಯುತ್ತು ನೇರವಾದಾಗ ಅದರ ಶಿಖರ ಸುಮಾರು 325 ವೋಲ್ಟ್. ಕೆಪಾಸಿಟರ್ 330 ಮೈಕ್ರೋಫ್ಯಾರಡ್ ಇದೆ, ಎಸ್‌ಎಂಪಿಎಸ್ ಒಳಗಿನ ವೋಲ್ಟೇಜು 230ಕ್ಕೆ ಇಳಿಯುವ ತನಕ ಕೆಲಸ ಮಾಡಬಲ್ಲದು, ಯಂತ್ರ 120 ವಾಟ್ ಎಳೆಯುತ್ತಿದೆ ಎಂದು ಹಿಡಿಯಿರಿ. ಆಗ ಬಳಸಲು ಸಿಗುವ ಶಕ್ತಿ ಸುಮಾರು 8.7 ಜೂಲ್, 70 ಮಿಲಿಸೆಕೆಂಡು ತಡೆಯುತ್ತದೆ. ಮೂರೂವರೆ ಆವರ್ತ ವಿದ್ಯುತ್ತೇ ಇಲ್ಲದಿದ್ದರೂ ಬಳಸುವವರಿಗೆ ಗೊತ್ತಾಗುವುದಿಲ್ಲ.

ಈಗ ಸಂಜೆ ಎಲ್ಲರ ಮನೆಯ ದೀಪ, ಮಿಕ್ಸರ್, ಮೋಟರ್ ಸೇರಿ ವೋಲ್ಟೇಜು 180ಕ್ಕೆ ಇಳಿದಿದೆ ಎನ್ನಿ. ಶಿಖರ 255 ವೋಲ್ಟಿನ ಸಮೀಪ. ಬಳಸಲು ಸಿಗುವ ಶಕ್ತಿ 2 ಜೂಲ್ ಮಾತ್ರ; ತಡೆಯುವ ಕಾಲ 16 ಮಿಲಿಸೆಕೆಂಡು, ಒಂದು ಆವರ್ತಕ್ಕಿಂತಲೂ ಕಡಿಮೆ. ವೋಲ್ಟೇಜು ಇಳಿದದ್ದು ಶೇಕಡ 22ರಷ್ಟು, ತಾಳಿಕೆ ಇಳಿದದ್ದು ನಾಲ್ಕು ಪಟ್ಟಿಗೂ ಹೆಚ್ಚು. ಅದರ ಮೇಲೆ ಕೆಪಾಸಿಟರ್ ಹಳತಾಗಿ ಅರ್ಧ ಸಾಮರ್ಥ್ಯ ಉಳಿದಿದ್ದರೆ 8 ಮಿಲಿಸೆಕೆಂಡು. ಎರಡು ಶಿಖರಗಳ ನಡುವಿನ ಅಂತರವೇ 10 ಮಿಲಿಸೆಕೆಂಡು ಆದ್ದರಿಂದ ಇಂಥ ಯಂತ್ರ ಬೀಳಲು ಕರೆಂಟು ಮಿನುಗಬೇಕಾಗಿಯೂ ಇಲ್ಲ. ಇದೇ ಯಂತ್ರವನ್ನು ಹುಬ್ಬಳ್ಳಿಯ ಅಂಗಡಿಗೆ ಹೊತ್ತುಕೊಂಡು ಹೋದರೆ, ಅಲ್ಲಿ ವೋಲ್ಟೇಜು 230ರ ಆಸುಪಾಸಿದ್ದರೆ, ದಿನವಿಡೀ ಸುಮ್ಮನೆ ಓಡುತ್ತದೆ. ಅಂಗಡಿಯವರು “ಏನೂ ತೊಂದರಿ ಇಲ್ರಿ” ಎನ್ನುತ್ತಾರೆ. ಮನೆಗೆ ತಂದರೆ ಮತ್ತೆ ಬೀಳುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ.

ಬಲ್ಬು ಯಾಕೆ ಆರುವುದಿಲ್ಲ? ಇಂದಿನ ಎಲ್‌ಇಡಿ ಬಲ್ಬುಗಳ ಒಳಗಿನ ಡ್ರೈವರ್ ಬಹಳ ತಗ್ಗಿದ ವೋಲ್ಟೇಜನ್ನೂ ಸಹಿಸಿಕೊಳ್ಳುತ್ತದೆ, ಮತ್ತು ಕೆಲವು ಮಿಲಿಸೆಕೆಂಡಿನ ಕತ್ತಲು ಕಣ್ಣಿಗೆ ತಿಳಿಯುವುದಿಲ್ಲ. ಫ್ಯಾನಿನ ರೆಕ್ಕೆಗೆ ತಿರುಗುವ ಓಟವೇ ಸಾಕು. ಕಂಪ್ಯೂಟರಿಗೆ ಮಾತ್ರ ಆ ಔದಾರ್ಯವಿಲ್ಲ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ‘ಪವರ್ ಗುಡ್’ ಎಂಬ ಸಂಕೇತದ ತಂತಿಯೊಂದು ಹೋಗುತ್ತದೆ. ಒಳಗಿನ ವೋಲ್ಟೇಜು ಹದ್ದು ಮೀರಿ ಇಳಿಯಲಿದೆ ಎಂದು ಕಂಡ ಕೂಡಲೇ ಎಸ್‌ಎಂಪಿಎಸ್ ಆ ಸಂಕೇತವನ್ನು ಹಿಂತೆಗೆಯುತ್ತದೆ. ಪ್ರೊಸೆಸರ್ ಅಲ್ಲಿಗೇ ನಿಂತು ರೀಸೆಟ್ ಆಗುತ್ತದೆ. ಅರ್ಧಂಬರ್ಧ ವೋಲ್ಟಿನಲ್ಲಿ ತಪ್ಪು ಲೆಕ್ಕ ಮಾಡಿ ಡಿಸ್ಕಿನಲ್ಲಿ ಕಸ ಬರೆಯುವುದಕ್ಕಿಂತ ನಿಲ್ಲುವುದೇ ಮೇಲು ಎಂಬುದು ಇದರ ಹಿಂದಿನ ವಿವೇಕ. ವಿದ್ಯುತ್ತು ಕೂಡಲೇ ಸುಧಾರಿಸಿದರೆ ಸಂಕೇತ ಮರಳುತ್ತದೆ, ಯಂತ್ರ ತಾನಾಗಿ ಏಳುತ್ತದೆ. ಮಗಳು ಕಂಡದ್ದು ಇದನ್ನೇ.

ವೋಲ್ಟೇಜನ್ನು ತಳ್ಳುವವರು ಯಾರು ಎಂದು ನೋಡಲು ಹಿಟ್ಟಿನ ಗಿರಣಿಯತ್ತ ನಡೆಯಿರಿ. 10 ಎಚ್‌ಪಿಯ ತ್ರೀ ಫೇಸ್ ಮೋಟರ್ ಓಡುವಾಗ ಸುಮಾರು 14 ಆಂಪಿಯರ್ ಎಳೆಯುತ್ತದೆ. ಆದರೆ ನಿಂತ ಮೋಟರನ್ನು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇಲ್ಲದೆ ನೇರವಾಗಿ ಹಚ್ಚಿದಾಗ, ವೇಗ ಹಿಡಿಯುವ ತನಕ, ಅದರ ಆರು ಪಟ್ಟು, ಅಂದರೆ 85 ಆಂಪಿಯರಿನಷ್ಟು ಬೇಕು. 63 ಕೆವಿಎ ಟಿಸಿಯೊಂದರ ಪೂರ್ಣ ಸಾಮರ್ಥ್ಯವೇ ಹೆಚ್ಚುಕಡಿಮೆ ಅಷ್ಟು! ಕೆಲವು ಕ್ಷಣ ಒಂದೇ ಮೋಟರ್ ಇಡೀ ಟಿಸಿಯ ಪಾಲನ್ನು ಕೇಳುತ್ತದೆ. ಟಿಸಿಯಿಂದ ದೂರ, ಸಪೂರ ತಂತಿಯ ತುದಿಯಲ್ಲಿರುವ ಮನೆಗೆ ಹೊಡೆತ ಹೆಚ್ಚು. ವೆಲ್ಡಿಂಗ್ ಮಷಿನ್ನಿನದು ಇನ್ನೊಂದು ರೀತಿ: ಕಿಡಿ ಹತ್ತಿದಾಗಲೊಮ್ಮೆ ಎಳೆತ, ಬಿಟ್ಟಾಗಲೊಮ್ಮೆ ಸಡಿಲ, ಮನೆಯ ದೀಪ ಅದೇ ತಾಳಕ್ಕೆ ನಡುಗುತ್ತದೆ. ಹೊಲದ ಪಂಪ್‌ಸೆಟ್ಟುಗಳೂ ಹಿಂದೆ ಮನೆಗಳ ಜತೆ ಒಂದೇ ಫೀಡರಿನಲ್ಲಿರುತ್ತಿದ್ದವು. ಕರ್ನಾಟಕದ ‘ನಿರಂತರ ಜ್ಯೋತಿ’ ಯೋಜನೆ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ಟುಗಳಿಂದ ಬೇರ್ಪಡಿಸಲು ಹೊರಟದ್ದು ಇದಕ್ಕೇ. ನನ್ನ ಲೆಕ್ಕದಲ್ಲಿ ಹಳ್ಳಿಯ ಕಂಪ್ಯೂಟರಿಗೆ ಅದರಷ್ಟು ಉಪಕಾರ ಮಾಡಿದ ಯೋಜನೆ ಇನ್ನೊಂದಿಲ್ಲ. ಅದರ ಹೆಸರಿನಲ್ಲಿ ಕಂಪ್ಯೂಟರ್ ಎಂಬ ಮಾತೇ ಇಲ್ಲದಿದ್ದರೂ.

ಆದ್ದರಿಂದ ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ನೋಟ್‌ಬುಕ್. ಯಂತ್ರ ಬಿದ್ದ ದಿನಾಂಕ, ವೇಳೆ, ಆಗ ಮಾಡುತ್ತಿದ್ದ ಕೆಲಸ, ಮನೆಯ ದೀಪ ಡಿಮ್ಮಾಯಿತೇ, ಗಿರಣಿ ಹಚ್ಚಿದ್ದರೇ – ಇಷ್ಟನ್ನು ಬರೆಯುತ್ತ ಹೋಗಿ. ಬೀಳುವುದೆಲ್ಲ ಸಂಜೆ ಆರರಿಂದ ಒಂಬತ್ತರ ನಡುವೆಯೇ ಇದ್ದರೆ, ನಡುರಾತ್ರಿಯ ಮೇಲೆ ಒಮ್ಮೆಯೂ ಬೀಳದಿದ್ದರೆ, ಅದು ವಿದ್ಯುತ್ತಿನ ಕೈವಾಡ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸುಲಭ: ಅದೇ ಹೊತ್ತಿನಲ್ಲಿ ಅದನ್ನೂ ಅದೇ ಕೋಣೆಯಲ್ಲಿ ಓಡಿಸಿ. ಬ್ಯಾಟರಿಯ ಆಸರೆಯಿರುವ ಲ್ಯಾಪ್‌ಟಾಪ್ ಓಡುತ್ತಲೇ ಇದ್ದು ಡೆಸ್ಕ್‌ಟಾಪ್ ಬಿದ್ದರೆ ಬೆರಳು ಗೋಡೆಯ ಪ್ಲಗ್ಗಿನತ್ತ ತಿರುಗುತ್ತದೆ.

“ನಮ್ಮಲ್ಲಿ ಯುಪಿಎಸ್ ಐತ್ರಿ” ಎನ್ನುವವರು ಅದನ್ನೂ ಸಂಶಯಿಸಬೇಕು. ಸಾಮಾನ್ಯ ಯುಪಿಎಸ್ಸಿನ ಒಳಗೆ 12 ವೋಲ್ಟ್, 7 ಆಂಪಿಯರ್-ಅವರಿನ ಸೀಸದ ಬ್ಯಾಟರಿ ಇರುತ್ತದೆ. ಎರಡು-ಮೂರು ವರ್ಷ ಅದರ ಆಯಸ್ಸು. ಬಾಗಲಕೋಟೆಯ ಬೇಸಿಗೆಯಲ್ಲಿ ಇನ್ನೂ ಕಡಿಮೆ. ಸತ್ತ ಬ್ಯಾಟರಿಯ ಯುಪಿಎಸ್ ಕರೆಂಟು ಇರುವಾಗ ಹಸಿರು ದೀಪ ತೋರಿಸುತ್ತಲೇ ಇರುತ್ತದೆ, ಹೋದ ಕ್ಷಣ ಕೈಬಿಡುತ್ತದೆ. ಕಂಪ್ಯೂಟರನ್ನು ತೆಗೆದು, ಯುಪಿಎಸ್ಸಿಗೆ ಒಂದು 60 ವಾಟಿನ ಹಳೆಯ ಬಲ್ಬು ಜೋಡಿಸಿ, ಗೋಡೆಯ ಪ್ಲಗ್ ಕಿತ್ತು ನೋಡಿ. ಬಲ್ಬು ಹತ್ತು ನಿಮಿಷವಾದರೂ ಉರಿಯದಿದ್ದರೆ ಬ್ಯಾಟರಿ ಬದಲಿಸಿ. ಇಡೀ ಮನೆಯ ಇನ್ವರ್ಟರನ್ನೇ ನಂಬಿದವರು ಅದರ ಹಿಂಬದಿ ಅಥವಾ ಮುಂಬದಿಯ ಸಣ್ಣ ಸ್ವಿಚ್ಚನ್ನು ನೋಡಬೇಕು. ಹಲವು ಮಾದರಿಗಳಲ್ಲಿ ಅದಕ್ಕೆ ‘ನಾರ್ಮಲ್’ ಮತ್ತು ‘ಯುಪಿಎಸ್’ ಎಂಬ ಎರಡು ಸ್ಥಾನ. ನಾರ್ಮಲ್‌ನಲ್ಲಿ ವೋಲ್ಟೇಜು 100ರ ಸಮೀಪಕ್ಕೆ ಇಳಿಯುವ ತನಕ ಇನ್ವರ್ಟರ್ ಸುಮ್ಮನಿರುತ್ತದೆ, ಬದಲಾಗುವುದೂ ನಿಧಾನ. ಫ್ಯಾನು-ದೀಪಕ್ಕೆ ಅಷ್ಟು ಸಾಕು. ಯುಪಿಎಸ್ ಸ್ಥಾನದಲ್ಲಿ 180ರ ಹತ್ತಿರವೇ ಬ್ಯಾಟರಿಗೆ ಹೊರಳುತ್ತದೆ, ಬೇಗನೆ ಹೊರಳುತ್ತದೆ. ಕಂಪ್ಯೂಟರ್ ಇರುವ ಮನೆಯಲ್ಲಿ ಸ್ವಿಚ್ ಯುಪಿಎಸ್ ಕಡೆಗಿರಲಿ. ಒಂದು ರೂಪಾಯಿ ಖರ್ಚಿಲ್ಲದೆ ಎಷ್ಟೋ ಮನೆಗಳ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಎಸ್‌ಎಂಪಿಎಸ್ ಬಾಯಲ್ಲಿರುವ ಶೋಧಕದ ಕೆಪಾಸಿಟರುಗಳು, ಅರ್ಥಿಂಗ್ ಇಲ್ಲದಾಗ, ತಗಡಿನ ಮೈಗೆ ಸುಮಾರು 115 ವೋಲ್ಟನ್ನು ಸೋರಿಸುತ್ತವೆ. ಪ್ರವಾಹ ತೀರ ಸಣ್ಣದು, ಆದರೆ ಅದು ಅರ್ಥಿಂಗ್ ಸತ್ತಿದೆ ಎಂಬುದರ ಗುರುತು. ಮಲಪ್ರಭಾ ಬಯಲಿನ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥ್ ಕಂಬಿಯಿಂದ ದೂರ ಸರಿಯುತ್ತದೆ. ಬಾದಾಮಿಯ ಕಡೆಯ ಕೆಂಪು ಮರಳುಗಲ್ಲಿನ ನೆಲ ಮೊದಲೇ ಒಣ. ಮನೆಯ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಮರೆಯಬಾರದ ಕೆಲಸ. ಇದಕ್ಕಿಂತ ಗಂಭೀರವಾದದ್ದು ನ್ಯೂಟ್ರಲ್ ಸಡಿಲಾಗುವುದು: ಒಂದು ಮನೆಯ ದೀಪ ಮಂಕಾದಾಗ ಪಕ್ಕದ ಮನೆಯದು ಕಣ್ಣು ಕುಕ್ಕುವಷ್ಟು ಬೆಳಗಿದರೆ, ಅಲ್ಲಿ 300 ವೋಲ್ಟ್ ಮೀರಿ ಹೋಗುತ್ತಿರಬಹುದು. ಆಗ ಮೇನ್ ಆರಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಕಂಬದ ಕೆಲಸಕ್ಕೆ ಲೈನ್‌ಮನ್ ಬಿಟ್ಟು ಬೇರೆ ಯಾರೂ ಕೈಹಾಕಬಾರದು.

ವಿದ್ಯುತ್ತು ಶುದ್ಧವಿದ್ದೂ ಯಂತ್ರ ಬೀಳುತ್ತಿದ್ದರೆ ಶಾಖದ ಕಡೆ ಬನ್ನಿ. ಪ್ರೊಸೆಸರಿನ ತಾಪ ಎಂದರೆ ಕೋಣೆಯ ತಾಪಕ್ಕೆ ಅದು ತಾನೇ ಹುಟ್ಟಿಸುವ ತಾಪ ಸೇರಿದ್ದು. ಒಂದು ಯಂತ್ರ ಕೋಣೆಗಿಂತ 50 ಡಿಗ್ರಿ ಮೇಲೆ ಓಡುತ್ತದೆ ಎಂದರೆ, ಡಿಸೆಂಬರಿನ 20 ಡಿಗ್ರಿಯ ಮುಂಜಾನೆ ಅದು 70. ಏಪ್ರಿಲ್‌ನ 40 ಡಿಗ್ರಿಯ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, 90 ದಾಟುತ್ತದೆ. ಬಹುತೇಕ ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಗಲೂ ಇಳಿಯದಿದ್ದರೆ ಸುಟ್ಟುಹೋಗುವ ಮುಂಚೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತವೆ. ಹಾಗಾಗಿ ಶಾಖದ ಸಾವಿಗೆ ಒಂದು ನಡೆ ಇದೆ: ಮೊದಲು ಫ್ಯಾನಿನ ಸದ್ದು ಏರುತ್ತದೆ, ಆಮೇಲೆ ಯಂತ್ರ ಮಂದವಾಗುತ್ತದೆ, ಕೊನೆಗೆ ಆರುತ್ತದೆ. ಪ್ರತಿ ಸಲವೂ ಹಚ್ಚಿದ ಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಇದು ನಡೆಯುತ್ತದೆ, ಅದೂ ವಿಡಿಯೋ ಅಥವಾ ಆಟದಂಥ ಭಾರದ ಕೆಲಸದಲ್ಲಿ. ವಿದ್ಯುತ್ತಿನ ಸಾವಿಗೆ ಈ ಮುನ್ಸೂಚನೆ ಇರುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಧೂಳು ಮನೆಯಿಂದ ಮನೆಗೆ ಬೇರೆ. ಗುಳೇದಗುಡ್ಡದ ಖಣ ನೇಯುವ ಮನೆಯಲ್ಲಿ, ಇಳಕಲ್ಲಿನ ಸೀರೆಯ ಮಗ್ಗದ ಮನೆಯಲ್ಲಿ ಅದು ನೂಲಿನ ಎಳೆ. ಹೀಟ್‌ಸಿಂಕಿನ ಲೋಹದ ಪಟ್ಟಿಗಳ ಬಾಯಿಗೆ ಕಂಬಳಿಯಂತೆ ಕೂತು ಗಾಳಿಯನ್ನು ತಡೆಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಯ್ಯುವ, ಪಾಲಿಶ್ ಮಾಡುವ ಘಟಕಗಳ ಸುತ್ತ ಅದು ಕಲ್ಲಿನ ಪುಡಿ. ಫ್ಯಾನಿನ ಬೇರಿಂಗನ್ನು ಅರೆಯುತ್ತದೆ. ಹಳೆಯ ಮೇಲ್ಮುದ್ದೆ ಮನೆ ಕಂಪ್ಯೂಟರಿಗೆ ತಂಪಾದ ಜಾಗ, ತಗಡಿನ ಮನೆಗಿಂತ ಎಷ್ಟೋ ವಾಸಿ. ಮಾಳಿಗೆಯಿಂದ ಉದುರುವ ನವಿರು ಮಣ್ಣಿಗೆ ಮಾತ್ರ ಯಂತ್ರದ ಮೇಲೆ ಒಂದು ಹೊದಿಕೆ ಬೇಕು, ಅದೂ ಆರಿಸಿದ ಮೇಲೆ. ಶುಚಿ ಮಾಡುವಾಗ ಪ್ಲಗ್ ಕಿತ್ತು, ಮೆತ್ತನೆಯ ಬ್ರಶ್ ಬಳಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಬಿಳಿ ಲೇಪ ಒಣಗಿ ಪುಡಿಯಾಗಿದ್ದರೆ ಹೊಸದು ಹಚ್ಚಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಪ್ರಾಣಾಪಾಯದ ವೋಲ್ಟೇಜು ಉಳಿದಿರಬಹುದು.

ಶಾಖ ಮತ್ತು ವಿದ್ಯುತ್ ಪೂರೈಕೆ ಕೈಜೋಡಿಸಿದರೆ ಎಂಥ ಯಂತ್ರವೂ ಮಣಿಯುತ್ತದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1 ನೌಕೆಯ ಒಳತಾಪ ನವೆಂಬರಿನಲ್ಲೇ 50 ಡಿಗ್ರಿ ಮುಟ್ಟಿತ್ತು. ಬೆಂಗಳೂರಿನ ವಿಜ್ಞಾನಿಗಳು ನೌಕೆಯನ್ನು ಸುಮಾರು 20 ಡಿಗ್ರಿ ಹೊರಳಿಸಿ, ಕೆಲವು ಉಪಕರಣಗಳನ್ನು ಆರಿಸಿ ಅದನ್ನು ತಂಪಾಗಿಸಿದರು. 2009ರ ಆಗಸ್ಟ್ 29ರಂದು, ನಡುರಾತ್ರಿ ದಾಟಿದ ಮೇಲೆ, ಸಂಕೇತ ಹಿಡಿಯುವ ಬ್ಯಾಲಾಳು ಭೂಕೇಂದ್ರಕ್ಕೆ ಅದರ ಸಂಕೇತ ನಿಂತುಹೋಯಿತು. ನೌಕೆಯ ಮುಖ್ಯ ಮತ್ತು ಬದಲಿ ಕಂಪ್ಯೂಟರುಗಳೆರಡಕ್ಕೂ ವಿದ್ಯುತ್ ಕೊಡುವ ಘಟಕಗಳ ಮೇಲೆ ಸಂಶಯ ಹೋಯಿತು. ಮನೆಯ ಯಂತ್ರ ಬಿದ್ದಾಗ ಮೊದಲು ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಕೇಳಬೇಕಾಯಿತು.

ಇನ್ನು ಬಗ್‌ಚೆಕ್ ಕೋಡ್ ಸೊನ್ನೆಯಲ್ಲದ ಪ್ರಕರಣಗಳು. ವಿಂಡೋಸ್ ನೀಲಿ ಪರದೆ ತೋರಿಸಿ ಕೂಡಲೇ ರೀಸ್ಟಾರ್ಟ್ ಮಾಡುವುದರಿಂದ ಏನು ಬರೆದಿತ್ತೆಂದು ಓದಲು ಆಗುವುದಿಲ್ಲ. ಸಿಸ್ಟಮ್ ಪ್ರಾಪರ್ಟೀಸ್‌ನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಚೌಕದ ಗುರುತು ತೆಗೆದರೆ ಪರದೆ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ಎಚ್ಚರ: ಹೊಸ ವಿಂಡೋಸ್ 11ರಲ್ಲಿ ಆ ಪರದೆ 2025ರಿಂದ ನೀಲಿಯಲ್ಲ, ಕಪ್ಪು.

ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ನಾನು ಮೊದಲು ಸಂಶಯಿಸುವುದು ಮೆಮೊರಿಯನ್ನು. ರ್‍ಯಾಮಿನಲ್ಲಿ ಒಂದೊಂದು ಬಿಟ್ಟೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕೆಪಾಸಿಟರಿನಲ್ಲಿ ಇರುತ್ತದೆ. ಅದು ಸೋರುತ್ತದೆ, ಆದ್ದರಿಂದ ಇಡೀ ಮೆಮೊರಿಯನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಓದಿ ಮರಳಿ ತುಂಬಲಾಗುತ್ತದೆ. ಶಾಖ ಹೆಚ್ಚಿದಂತೆ ಸೋರಿಕೆ ಹೆಚ್ಚುತ್ತದೆ. 85 ಡಿಗ್ರಿ ಮೀರಿದರೆ ಎರಡು ಪಟ್ಟು ಬೇಗ ತುಂಬಬೇಕು. ಒಂದೇ ಬಿಟ್ ಹೊರಳಿದರೆ ಏನಾದೀತು? ಯೂನಿಕೋಡಿನಲ್ಲಿ ‘ಕ’ ಮತ್ತು ‘ಗ’ ಅಕ್ಷರಗಳ ಸಂಕೇತಗಳ ನಡುವೆ ವ್ಯತ್ಯಾಸ ಒಂದೇ ಒಂದು ಬಿಟ್‌ನದು: ಮೊದಲನೆಯದರ ಕೊನೆಯ ಎಂಟು ಅಂಕಿ 10010101, ಎರಡನೆಯದರದು 10010111. ಆ ಒಂದು ಸೊನ್ನೆ ಒಂದಾದರೆ ನೀವು ಬರೆದ ‘ಕಾಳಿ’ ಡಿಸ್ಕಿಗೆ ಹೋಗುವಷ್ಟರಲ್ಲಿ ‘ಗಾಳಿ’. ಅದು ನಿಮ್ಮ ಬರಹದಲ್ಲಿ ಆದರೆ ಒಂದು ಅಚ್ಚಿನ ತಪ್ಪು. ಮುಂದಿನ ಆದೇಶ ಮೆಮೊರಿಯ ಯಾವ ವಿಳಾಸದಲ್ಲಿದೆ ಎಂಬ ಸಂಖ್ಯೆಯಲ್ಲಿ ಆದರೆ ಇಡೀ ಯಂತ್ರ ಬೀಳುತ್ತದೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೆಕ್ ಎಂಬಲ್ಲಿ ಚುನಾವಣೆಯ ಕಂಪ್ಯೂಟರ್ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚು ಬಂದಿತ್ತು. ಎರಡರ ಹನ್ನೆರಡನೆಯ ಘಾತ ಅದು; ಒಂದೇ ಬಿಟ್ ಹೊರಳಿದ್ದರ ಲೆಕ್ಕ. ಅದಕ್ಕೆ ಬಾಹ್ಯಾಕಾಶದಿಂದ ಬಂದ ಕಣವೊಂದು ಕಾರಣವಿರಬಹುದೆಂದು ಹೇಳಲಾಯಿತು.

ನಮ್ಮ ಮನೆಗಳಲ್ಲಿ ಬಾಹ್ಯಾಕಾಶದ ಕಣಕ್ಕಿಂತ ಸಡಿಲಾದ, ಮಬ್ಬು ಹಿಡಿದ ಸಂಪರ್ಕವೇ ಹೆಚ್ಚು. ಪ್ಲಗ್ ಕಿತ್ತು ರ್‍ಯಾಮ್ ಪಟ್ಟಿಯನ್ನು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಟಕ್ಕೆನ್ನುವ ತನಕ ಒತ್ತಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಕೆಲವು ದಿನ ಓಡಿಸಿ. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ನಡೆಸಿ. ಮರುದಿನ ಒಂದೇ ಒಂದು ಕೆಂಪು ಸಾಲು ಕಂಡರೂ ಸಂಶಯ ಗಟ್ಟಿ. ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಕೆಟ್ಟದ್ದನ್ನು ಬದಲಿಸಿ.

ಕೋಡ್ ಪ್ರತಿಸಲ ಒಂದೇ ಆಗಿದ್ದರೆ, ಅದರ ಜತೆ ಡ್ರೈವರ್ ಒಂದರ ಹೆಸರೂ ಬರುತ್ತಿದ್ದರೆ, ತಂತ್ರಾಂಶದ ಮೇಲೆ ಸಂಶಯ ಪಡಬಹುದು. ‘ರಿಲಯಬಿಲಿಟಿ ಮಾನಿಟರ್’ ತೆರೆದರೆ ಯಾವ ದಿನದಿಂದ ಯಂತ್ರ ಬೀಳಲು ತೊಡಗಿತು, ಅದರ ಹಿಂದಿನ ದಿನ ಏನು ಹೊಸದಾಗಿ ಸೇರಿತು ಎಂಬುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಸೇಫ್ ಮೋಡಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ಓಡಿದರೆ ಯಂತ್ರದ ಮೈ ಬಹುಮಟ್ಟಿಗೆ ಗಟ್ಟಿಯಿದೆ ಎಂದರ್ಥ. ತಪ್ಪು ತಂತ್ರಾಂಶ ಒಂದೇ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಯುಕ್ತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು, ಎದ್ದು ಮತ್ತೆ ಬಿದ್ದವು; ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡಿನಲ್ಲಿ ಎದ್ದು ಆ ಒಂದು ಕಡತ ಅಳಿಸಿದರೆ ಸಾಕಿತ್ತು.

ಸರಿಯಾದ ವಿಧಾನ ಯಾವುದು ಎಂಬುದಕ್ಕೆ ನನಗೆ ಪ್ರಿಯವಾದ ನಿದರ್ಶನ ಮಂಗಳ ಗ್ರಹದ್ದು. 1997ರ ಜುಲೈ 4ರಂದು ಅಲ್ಲಿ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನ ಓದುವ ಕೆಳದರ್ಜೆಯ ಕೆಲಸವೊಂದು, ಹಂಚಿಕೊಂಡ ಸೌಲಭ್ಯವೊಂದರ ಬೀಗ ಹಿಡಿದುಕೊಂಡಿತ್ತು. ಮಾಹಿತಿ ಸಾಗಿಸುವ ಮೇಲ್ದರ್ಜೆಯ ಕೆಲಸ ಆ ಬೀಗಕ್ಕೆ ಕಾಯುತ್ತಿತ್ತು. ನಡುದರ್ಜೆಯ ಕೆಲಸಗಳು ನುಗ್ಗಿ ಕೆಳಗಿನದಕ್ಕೆ ಬೀಗ ಬಿಡಲು ಅವಕಾಶವನ್ನೇ ಕೊಡುತ್ತಿರಲಿಲ್ಲ. ಕೆಲಸ ಹೊತ್ತಿಗೆ ಮುಗಿಯಿತೇ ಎಂದು ನೋಡುವ ಕಾವಲು ಗಡಿಯಾರ ಕಾಯ್ದು ಕಾಯ್ದು ಯಂತ್ರವನ್ನೇ ರೀಸೆಟ್ ಮಾಡುತ್ತಿತ್ತು. ಎಂಜಿನಿಯರುಗಳು ಊಹೆಯ ಮೇಲೆ ಯಾವುದನ್ನೂ ಬದಲಿಸಲಿಲ್ಲ. ಭೂಮಿಯ ಮೇಲಿದ್ದ ಅಂಥದ್ದೇ ಯಂತ್ರವನ್ನು ಅದೇ ಸ್ಥಿತಿಯಲ್ಲಿ ಓಡಿಸಿ, ಅದೇ ರೀತಿ ಬೀಳುವ ತನಕ ಬಿಡಲಿಲ್ಲ. ಬಿದ್ದಾಗ ದಾಖಲೆ ಓದಿದರು. ಒಂದೇ ಒಂದು ಆಯ್ಕೆಯನ್ನು ಬದಲಿಸಿ ಮಂಗಳಕ್ಕೆ ಕಳಿಸಿದರು. ರೀಸೆಟ್ ನಿಂತಿತು.

ಕುಳಗೇರಿ ಕ್ರಾಸಿನ ಮನೆಗೂ ನಿಯಮ ಅದೇ. ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ಪದೇ ಪದೇ ಬೀಳುವ ಯಂತ್ರ ಬರೆಯುವ ಹೊತ್ತಿನಲ್ಲೇ ಬಿದ್ದರೆ ಡಿಸ್ಕಿನ ಕಡತಗಳೂ ಕೆಡುತ್ತವೆ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಹೊಸ ಎಸ್‌ಎಂಪಿಎಸ್, ಹೊಸ ರ್‍ಯಾಮ್, ಹೊಸ ವಿಂಡೋಸ್ ಎಲ್ಲವನ್ನೂ ಒಂದೇ ದಿನ ಹಾಕಿಸಿದರೆ ಯಂತ್ರ ಸರಿಯಾಗಬಹುದು. ಆದರೆ ನೀವು ಕೊಟ್ಟ ದುಡ್ಡಿನಲ್ಲಿ ಯಾವ ಪಾಲು ವ್ಯರ್ಥ ಎಂಬುದು ಎಂದಿಗೂ ತಿಳಿಯುವುದಿಲ್ಲ.

ರಿಪೇರಿಗೆ ಹೋಗುವಾಗ ಯಂತ್ರದ ಜತೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ. “ಫಾರ್ಮ್ಯಾಟ್ ಮಾಡೂಕಿಂತ ಮೊದ್ಲ ಇವೆಂಟ್ 41 ನೋಡ್ರಿ, ಬಗ್‌ಚೆಕ್ ಎಷ್ಟೈತಿ ಹೇಳ್ರಿ” ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ದಾಖಲೆ ವಿದ್ಯುತ್ತಿನ ಕಡೆಗೆ ಬೆರಳು ತೋರಿಸಿದರೆ ಒಂದು ಸಾಧಾರಣ ಪ್ಲಗ್-ಇನ್ ವೋಲ್ಟ್ ಮೀಟರ್ ತಂದು ವಾರವಿಡೀ ಸಂಜೆಯ ಅಂಕಿಗಳನ್ನು ಬರೆಯಿರಿ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಮನೆಯ ವೋಲ್ಟೇಜು ನಿಗದಿತ ಮಟ್ಟದಿಂದ ಶೇಕಡ 6ಕ್ಕಿಂತ ಹೆಚ್ಚು ಅತ್ತಿತ್ತ ಹೋಗಬಾರದು ಎಂದಿದ್ದವು; 230ರ ಲೆಕ್ಕದಲ್ಲಿ ಅದು ಸರಿಸುಮಾರು 216ರಿಂದ 244. ನಿಮ್ಮ ಮನೆಯಲ್ಲಿ 180 ಕಾಣುತ್ತಿದ್ದರೆ, ತಾರೀಖು ಮತ್ತು ವೇಳೆಯೊಂದಿಗೆ ಬರೆದ ಆ ಹಾಳೆಯನ್ನು ವಿದ್ಯುತ್ ಕಂಪನಿ ಹೆಸ್ಕಾಂನ ಸ್ಥಳೀಯ ಕಚೇರಿಗೆ ಅಕ್ಕಪಕ್ಕದ ಮನೆಯವರ ಸಹಿಯೊಂದಿಗೆ ಕೊಡಿ. ಕಂಪ್ಯೂಟರಿನ ರಿಪೇರಿ ಕೆಲವು ಸಲ ಶುರುವಾಗಬೇಕಾದದ್ದು ಟಿಸಿಯಿಂದಲೇ.